ಅಂಚಿನ ಗುಳಿಗಳು

ಲ್ಯಾಬು ಬಿಟ್ಟು ವಿಜ್ಞಾನ ಪತ್ರಿಕೆಯ ಸಂಪಾದಕಿಯಾಗಿ ವರ್ಷವಾಗುತ್ತ ಬಂದರೂ ಇವಳಿಗೆ ಕುರ್ಚಿ ಒಗ್ಗಿರಲಿಲ್ಲ. ಕೂತರೆ ಏಳುವಳು, ಎದ್ದರೆ ಕೂರುವಳು. ಪೆನ್ನು ಹಿಡಿದರೂ ಹೆಬ್ಬೆರಳು ಲ್ಯಾಬಿನಲ್ಲಿ ಹನಿ ಅಳೆಯುವ ಪಿಪೆಟ್ಟಿನ ಗುಂಡಿ ಒತ್ತುತ್ತಿತ್ತು. "ಜೀವಕೋಶ ಸಾಕ್ತಿದ್ದೋಳು ಈಗ ಅಲ್ಪವಿರಾಮ ಸಾಕ್ತಿದ್ದಾಳೆ," ಎಂದು ಅಮ್ಮ ಬೇರೆ ಗಾಯಕ್ಕೆ ಉಪ್ಪು ಸವರುತ್ತಿದ್ದಳು.

ಹಾಗಿರುವಾಗ ಹಳೆಯ ಮೇಷ್ಟ್ರ ಫೋನು ಬಂತು. ಇವಳು ಕೆಲಸ ಕಲಿತದ್ದು ಅವರ ಲ್ಯಾಬಿನಲ್ಲೇ. ಅನುದಾನ ನಿಂತು ಹೊರಬಿದ್ದದ್ದೂ ಅಲ್ಲಿಂದಲೇ.

"ಒಂದು ಪೇಪರ್ ಕಳಿಸಿದ್ದೀವಮ್ಮ. ಅದು ಅಚ್ಚಾದ್ರೆ ಅನುದಾನ ಬಂದ ಹಾಗೇ. ನಿನ್ನ ಮೇಜು ಹಾಗೇ ಇದೆ, ಬಂದ್ಬಿಡು."

ಎಲ್ಲಿಗೆ ಕಳಿಸಿದ್ದೆಂದು ಅವರು ಹೇಳಲಿಲ್ಲ, ಖುಷಿಯಲ್ಲಿ ಇವಳು ಕೇಳಲೂ ಇಲ್ಲ.

ನೋಡಿದರೆ ಅದು ಬಂದು ಕೂತದ್ದು ಇವಳ ಮೇಜಿನ ಮೇಲೇ! ಪತ್ರಿಕೆಯ ಪದ್ಧತಿಯಂತೆ ಬರೆದವರ ಹೆಸರು ಮುಚ್ಚಿತ್ತು. ಮುಚ್ಚಿದರೇನು? ಕೋಶ ಬೆಳೆಸುವ, ಸಾಲುಸಾಲು ಗುಳಿಗಳ ಪ್ಲೇಟಿನ ಚಿತ್ರ ಕಂಡೊಡನೆ ಗೊತ್ತಾಯಿತು. ಔಷಧಿ ಹಾಕದ ಕೋಶಗಳನ್ನು ನಡುವಿನ ಗುಳಿಗಳಲ್ಲಿಟ್ಟು, ಔಷಧಿ ಹಾಕಿದವನ್ನು ಸುತ್ತ ಇಡುವುದು ಮೇಷ್ಟ್ರ ಹಟ. ಪತ್ರಿಕೆ ಓದಿ ನೋಡಲು ಕೊಟ್ಟಿದ್ದ ಪರಿಶೀಲಕರಿಬ್ಬರೂ ಭೇಷ್ ಎಂದಿದ್ದರು: ಔಷಧಿ ತಾಕಿದ ಕ್ಯಾನ್ಸರ್ ಕೋಶಗಳೆಲ್ಲ ಸತ್ತಿದ್ದವು.

ಇನ್ನೊಮ್ಮೆ ನೋಡಿದವಳು ಚಿತ್ರವನ್ನು ಕಣ್ಣಿನ ಹತ್ತಿರ ತಂದಳು. ಔಷಧಿ ತೀರಾ ಅಂಚಿನ ಗುಳಿಗಳಲ್ಲೇ ಇತ್ತು. ಅಂಚಿನಲ್ಲಿ ದ್ರವ ಬೇಗ ಆರುತ್ತದೆ, ಔಷಧಿ ಇಲ್ಲದಿದ್ದರೂ ಕೋಶಗಳು ಒಣಗಿಯೇ ಸಾಯುತ್ತವೆ. ಅದಕ್ಕೇ ಇವಳು ಅಲ್ಲಿದ್ದಾಗ ಅಂಚಿನ ಗುಳಿಗಳಿಗೆಲ್ಲ ಬರೀ ನೀರು ತುಂಬಿ, ಒಂದು ಸಾಲು ಒಳಗಿನಿಂದ ಕೆಲಸ ಶುರುಮಾಡುತ್ತಿದ್ದಳು. ಇವಳು ಬಿಟ್ಟ ಮೇಲೆ ಆ ಕೆಲಸ ಯಾರಿಗೂ ಹೊಳೆದಂತಿಲ್ಲ.

ಎದ್ದು ಪ್ರಧಾನ ಸಂಪಾದಕರ ಕೋಣೆಗೆ ಹೋದಳು. "ಸರ್, ಇದು ನಮ್ಮ ಮೇಷ್ಟ್ರದ್ದು ಅನ್ಸುತ್ತೆ."

"ಹಾಗಿದ್ರೆ ನೀವು ಮುಟ್ಬೇಡಿ, ಬೇರೆಯವರಿಗೆ ಕೊಡ್ತೀನಿ. ಇಬ್ಬರೂ ಒಪ್ಪಿದ್ದಾರಲ್ಲ, ಈ ವಾರವೇ ಅಚ್ಚಿಗೆ ಹೋಗ್ಬಿಡುತ್ತೆ."

ಅಬ್ಬಾ! ಬಾಯಿ ಮುಚ್ಚಿಕೊಂಡರೆ ಲ್ಯಾಬಿನ ಮೇಜು ವಾಪಸ್. ನಿಯಮವೂ ಇವಳ ಪರ. ಬಾಗಿಲ ಹಿಡಿಕೆ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಈ ಔಷಧಿ ನಾಳೆ ಯಾರದೋ ಮೈಗೆ ಹೋಗುತ್ತದಲ್ಲ!

"ಸರ್, ಒಂದು ಮಾತು," ಎಂದು ತಿರುಗಿದವಳು ಅಂಚಿನ ಗುಳಿಗಳ ಕಥೆಯನ್ನೆಲ್ಲ ಹೇಳಿಬಿಟ್ಟಳು.

ವಾರ ಕಳೆಯುವಷ್ಟರಲ್ಲಿ ಮೇಷ್ಟ್ರ ಫೋನು. "ಯಾವನೋ ಪುಣ್ಯಾತ್ಮ ಅಡ್ಡಗಾಲು ಹಾಕಿದಾನಮ್ಮ! ಅಂಚಿನ ಗುಳಿ ಒಣಗಿರಬಹುದಂತೆ!" ಎಂದು ಹಾರಾಡಿದರು. ಆಮೇಲೆ ದನಿ ಇಳಿಯಿತು. "ನೀನು ಅಂಚಿಗೆಲ್ಲ ನೀರು ತುಂಬ್ತಿದ್ದೆ, ಅಲ್ವಾ?"

"ಹೂಂ ಸರ್."

"...ನೀನಾ?"

"ನಾನೇ ಸರ್. ಇನ್ನೊಂದ್ಸಲ ಮಾಡಿ ನೋಡಿ. ಈ ಸಲ ಔಷಧಿ ನಡುವೆ ಇರ್ಲಿ."

"ಮಾಡೋಕೆ ಯಾರಿದ್ದಾರಮ್ಮ? ನಿನ್ನನ್ನ ಕರೆಸ್ಕೊಳ್ಳೋಕೆ ಇದ್ದದ್ದು ಅದೊಂದೇ ದಾರಿ. ಅದನ್ನೂ ನೀನೇ ಮುಚ್ಚಿದೆ."

ಇವಳ ಹೆಬ್ಬೆರಳು ಬರಿಗಾಳಿಯಲ್ಲಿ ಗುಂಡಿ ಒತ್ತುತ್ತಲೇ ಇತ್ತು.

"ಶನಿವಾರ ನನಗೆ ರಜೆ ಸರ್," ಎಂದಳು ಕಡೆಗೆ. "ಪ್ಲೇಟು ತೆಗೆದಿಟ್ಟಿರಿ. ನೀರು ತುಂಬೋಕೆ ನಾನೇ ಬರ್ತೀನಿ."