ರೆಕ್ಕೆಗೆ ಹೊಡೆದ ಸೆಂಟು

ಶೆಡ್ಡಿನ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡಳು. ಮದುವೆಮನೆಗೆ ಹೊರಟವರ ಮೈಯಿಂದ ಬರುವಂಥ ಗುಲಾಬಿ ಸೆಂಟು. ಅದರಡಿಯಲ್ಲಿ ಇನ್ನೇನೋ ಕಮಟು.

"ಬಣ್ಣದ ವಾಸನೆ ಕಣೇ," ಎಂದ ಗಂಡ, ಪ್ರೊಪೆಲ್ಲರ್ ಒರೆಸುತ್ತಾ.

"ಬಣ್ಣ ಯಾವತ್ತಿಂದ ಸೆಂಟು ಹಾಕ್ಕೊಳ್ತಾ ಇದೆ?"

ಶೆಡ್ಡಿನ ತುಂಬ ನಿಂತಿದ್ದಳು ಮುದುಕಿ. ಮಾವ ಬಿಟ್ಟುಹೋದ ಹಳೇ ಕಾಲದ ಎರಡು ಸೀಟಿನ ವಿಮಾನಕ್ಕೆ ಮನೆಯವರು ಇಟ್ಟ ಹೆಸರು ಅದು. ಮರದ ಮೈ, ಬಟ್ಟೆಯ ಹೊದಿಕೆ. ಹಾರಿಸುತ್ತಿದ್ದವನು ಗಂಡನ ಅಣ್ಣ, ಪೈಲಟ್ ಭಾವ. ತನ್ನ ಹೆಂಡತಿಯ ತವರಿನ ಮೇಲೆ ತಗ್ಗಿ ಹಾರಿ ಕೈಬೀಸಲು ಹೋಗಿ, ಮರದ ತುದಿಗೆ ರೆಕ್ಕೆ ತಗುಲಿಸಿ, ಉತ್ತ ಹೊಲದಲ್ಲಿ ಮುದುಕಿಯನ್ನು ಮಗುಚಿ ಹಾಕಿದ್ದ. ಅವನಿಗೆ ತರಚಿದ್ದು ಮೂಗು. ಹಿಂದಿನ ಸೀಟಿನಲ್ಲಿದ್ದ ತಮ್ಮನಿಗೆ ಮುರಿದದ್ದು ಮಂಡಿ.

ಆಮೇಲೆ ವರ್ಷಗಟ್ಟಲೆ, ಹೊಟ್ಟೆಪಾಡಿನ ಕೆಲಸ ಮುಗಿದು ಉಳಿದ ಹೊತ್ತೆಲ್ಲ ಈ ಶೆಡ್ಡಿಗೇ ಹೋಯಿತು. ಗಂಡ ಕುಂಟುತ್ತಲೇ ಮರದ ಕೆಲಸ ಮಾಡಿದ. ಕಾರಿನ ಸೀಟು ಹೊಲಿಯುವ ಅವಳು ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿದಳು. ಮಗಳು ಇದೇ ನೆಲದ ಮೇಲೆ ಹೋಂವರ್ಕ್ ಮಾಡಿ ದೊಡ್ಡವಳಾದಳು. ಭಾವ ಆಗಾಗ ಬಂದು ಚಹಾ ಕುಡಿದು ಸಲಹೆ ಕೊಟ್ಟು ಹೋದ.

ಗಂಡ ಮೊದಲೇ ಒಂದು ಕಟ್ಟಳೆ ಮಾಡಿದ್ದ: ರೆಕ್ಕೆ ಹೊಲಿದವರೇ ಮೊದಲ ಹಾರಾಟದಲ್ಲಿ ಹಿಂದೆ ಕೂರಬೇಕು. ಆಗ ಹೊಲಿಗೆ ತಾನಾಗಿ ಬಿಗಿಯಾಗುತ್ತದೆ ಎಂಬ ಲೆಕ್ಕ. ಆ ಹಾರಾಟ ಇವತ್ತು. ಹಿಂದಿನ ಬಯಲಿನಲ್ಲಿ ಭಾವ ಕರೆದ ಅತಿಥಿಗಳು ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಅವಳು ಎಡರೆಕ್ಕೆಯ ಕೆಳಗೆ ನುಸುಳಿ ಅಂಗೈ ಆಡಿಸುತ್ತಾ ಹೋದಳು. ಬುಡದ ಹತ್ತಿರ ಕೈ ನಿಂತಿತು. ಒಂದು ತೇಪೆ. ಗಾಳಿಗೆ ಏಳದಿರಲಿ ಎಂದು ಅವಳು ತೇಪೆಯ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುತ್ತಿದ್ದಳು. ಇದರ ಅಂಚು ನೆಟ್ಟಗಿತ್ತು.

"ಭಾವಾ!"

ಭಾವ ಹೊಸ ಚರ್ಮದ ಜಾಕೆಟ್ಟಿನಲ್ಲಿ ಬಂದ. "ಏನಮ್ಮಾ, ಹೆದರಿಕೆನಾ?"

"ಇದನ್ನ ಯಾರು ಅಂಟಿಸಿದ್ದು?"

"ಓ, ಅದಾ! ನಿನ್ನೆ ನೀವಿಬ್ಬರೂ ಸಾಮಾನು ತರೋಕೆ ಹೋಗಿದ್ರಲ್ಲ, ಒಳಗೆ ಕಿಚಕಿಚ ಅಂತಿತ್ತು. ಕೊಯ್ದು ನೋಡಿದ್ರೆ ಇಲಿ ಸಂಸಾರ. ಕೈಗೆ ಸಿಕ್ಕಿದ್ದನ್ನ ತೆಗೆದು ಮುಚ್ಚಿದೆ. ನಾತಕ್ಕೆ ಒಂದು ಬಾಟ್ಲಿ ಸೆಂಟ್ ಸುರಿದೆ. ನಿಮಗ್ಯಾಕೆ ಸುಮ್ನೆ ತಲೆಬಿಸಿ ಅಂತ ಹೇಳ್ಲಿಲ್ಲ."

ಅವಳು ಬ್ಲೇಡಿನಿಂದ ತೇಪೆ ಸೀಳಿದಳು. ಹಿಕ್ಕೆ ಕೈಮೇಲೆ ಉದುರಿತು. ಒದ್ದೆ ಹತ್ತಿ, ಜಗಿದ ದಾರ, ಅದರೊಳಗೆ ಕೂದಲು ಮೂಡದ ಸತ್ತ ಮರಿಗಳು, ಒಂದಕ್ಕೊಂದು ಅಂಟಿಕೊಂಡು, ಗುಲಾಬಿ ಸೆಂಟಿನಲ್ಲಿ ನೆಂದು. ಗಂಡ ಟಾರ್ಚ್ ಬೆಳಕು ಬಿಟ್ಟು, ರೆಕ್ಕೆಯ ಭಾರ ಹೊರುವ ತೊಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಇಲಿಗಳು ಯಾವ ಕಾಲದಿಂದ ಇದ್ದವೋ, ಉಚ್ಚೆ ಕುಡಿದು ಕಪ್ಪಾದ ಮರ ಅಂಟು ಬಿಟ್ಟು ಬಾಯ್ತೆರೆಯಿತು.

"ಅಣ್ಣಾ," ಎಂದ ಗಂಡ. "ತೊಲೆ ಕೊಳೆತಿದೆ."

"ಒಂದೇ ಒಂದು ಸುತ್ತು ಕಣೋ. ಮೆಲ್ಲಗೆ. ಅಷ್ಟು ಜನ ಬಂದಿದಾರೆ, ನನ್ನ ಮುಖ ಎಲ್ಲಿಡ್ಲಿ?"

ಗಂಡ ಅವಳತ್ತ ತಿರುಗಿದ. "ನೀನು ಬೇಡ ಬಿಡು. ನಾನೇ ಕೂರ್ತೀನಿ. ಒಂದು ಸುತ್ತು ತಾನೆ..."

ಮರಿಗಳನ್ನು ಕಂಡಾಗಲೂ ಬಾರದಷ್ಟು ಹೇಸಿಗೆ ಅವಳಿಗೆ ಆಗ ಬಂತು.

"ಇನ್ನೊಂದು ಮಂಡಿ ಉಳಿದಿದೆಯಲ್ಲ, ಅದನ್ನೂ ಕೊಟ್ಟುಬಿಡಿ," ಎಂದಳು. "ಮಗಳಿಗೆ ಏನು ಹೇಳ್ಲಿ? ನಿಮ್ಮಪ್ಪಂಗೆ ಬೇಡ ಅನ್ನೋಕೆ ನಾಲಿಗೆ ಬರ್ಲಿಲ್ಲ, ಅದಕ್ಕೇ ಸತ್ತರು ಅಂತಾನಾ?"

ಕತ್ತರಿ ತೂರಿಸಿ, ತಾನೇ ಹೊಲಿದ ರೆಕ್ಕೆಯನ್ನು ಬುಡದಿಂದ ತುದಿಯವರೆಗೆ ಸೀಳಿದಳು. ಬಿಗಿದ ಬಟ್ಟೆ ಪಟಪಟ ಬಿಚ್ಚಿಕೊಂಡಿತು. ಹೊರಗೆ ಅತಿಥಿಗಳ ನಗು ನಿಂತಿತು.

ಗಂಡ ಕುಂಟುತ್ತಾ ಹೊರಟ. ತಪ್ಪಿಸಿಕೊಂಡ ಎಂದೇ ಅವಳು ಎಣಿಸಿದಳು. ಆದರೆ ಅವನು ಸ್ಟೂಲು ತಂದು, ಮಂಡಿ ಚಾಚಿ ಕೂತು, ಆಚೆ ಬದಿಯ ಹೊಲಿಗೆ ಬಿಚ್ಚತೊಡಗಿದ.

"ಅವರನ್ನೆಲ್ಲ ಮನೆಗೆ ಕಳಿಸಣ್ಣ," ಎಂದ, ತಲೆ ಎತ್ತದೆ.

ಭಾವ ಮೂಗಿಗೆ ಕರ್ಚೀಫ್ ಒತ್ತಿ ನಿಂತಿದ್ದ. "ಅಲ್ಲಮ್ಮಾ, ಹಾಗಾದ್ರೆ ಮತ್ತೆ ಯಾವಾಗ ರೆಡಿಯಾಗತ್ತೆ?"

ಅವಳು ಗೂಡನ್ನು ಬಾಚಿ, ಹಸಿಹಸಿಯಾಗಿ ಅವನ ಕೈಗಿಟ್ಟಳು.

"ಮೊದಲು ಇದನ್ನ ಎಸೆದು ಬನ್ನಿ ಭಾವ. ನೀವು ಮುಚ್ಚಿಟ್ಟಿದ್ದಲ್ವಾ."