ಯಾರೂ ಮುಟ್ಟದ ಕಾರು

ತಗಡಿನ ಮೇಸ್ತ್ರಿಯ ಹೆಣ ಇನ್ನೂ ನಡುಮನೆಯಲ್ಲೇ ಇತ್ತು. ಹಿತ್ತಿಲ ಶೆಡ್ಡಿನಲ್ಲಿ ಆಗಲೇ ನಾಲ್ಕು ಜನ ಅವನು ತಗಡು ತಟ್ಟುತ್ತಿದ್ದ ಮರದ ಅಚ್ಚಿಗೆ ಹಗ್ಗ ಬಿಗಿಯುತ್ತಿದ್ದರು.

"ಏಯ್, ಏನ್ ಮಾಡ್ತಿದೀರಾ? ಬಿಡಿ ಅದನ್ನ!" ಬಂದವರಿಗೆ ಕುರ್ಚಿ ಸಾಲದೆಂದು ಹುಡುಕಿಕೊಂಡು ಬಂದಿದ್ದ ಮಗಳು ಬಾಗಿಲಲ್ಲೇ ನಿಂತು ಕೂಗಿದಳು.

"ನಮ್ಮದೇನಿಲ್ಲಮ್ಮ, ಸಾಹುಕಾರ್ರು ಹೇಳಿದ್ದು. ಜನ ಎಲ್ಲ ಮುಂದುಗಡೆ ಇದಾರೆ, ಬೇಗ ಸಾಗಿಸಿಬಿಡಿ ಅಂದ್ರು."

"ಯಾವ ಸಾಹುಕಾರ್ರು?"

"ಆ ಕೆಂಪು ಕಾರಿನೋರು. ಒಳಗೇ ಇದಾರಲ್ಲ, ನಿಮ್ಮ ತಾಯಿಗೆ ಸಮಾಧಾನ ಹೇಳ್ತಾ."

ಸಾವಿನ ಮನೆಗೆ ಜನ ಹೂವು ಹಿಡಿದೋ ಬರಿಗೈಯಲ್ಲೋ ಬರುತ್ತಾರೆ. ಈತ ಹೂವಿನ ಜೊತೆಗೆ ನಾಲ್ಕು ಆಳುಗಳನ್ನೂ ಒಂದು ಸುರುಳಿ ಹಗ್ಗವನ್ನೂ ತಂದಿದ್ದ. ಹದಿನೆಂಟು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರವರ ಸಿಟ್ಟನ್ನೆಲ್ಲ ನುಂಗಿಕೊಂಡವಳು ಮಗಳು. ಇದನ್ನು ಮಾತ್ರ ನುಂಗಲಾಗಲಿಲ್ಲ. ಸೀದಾ ಹೋಗಿ ಅಚ್ಚಿನ ಮೇಲೆ ಕೂತುಬಿಟ್ಟಳು.

"ಈಗ ಎತ್ತಿ, ನೋಡೋಣ."

ಆಳುಗಳು ಮುಖಮುಖ ನೋಡಿಕೊಂಡರು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಣ್ಣದವನು ಬಂದ. ಮೇಸ್ತ್ರಿ ತಟ್ಟಿದ ತಗಡಿಗೆಲ್ಲ ಮೂವತ್ತು ವರ್ಷ ಬಣ್ಣ ಹೊಡೆದು ಶ್ವಾಸಕೋಶ ಕೆಡಿಸಿಕೊಂಡ ಹಳೆಯ ಜೊತೆಗಾರ. ಅವಳು ಕೂತಿದ್ದ ಭಂಗಿ ನೋಡಿದ್ದೇ ಅವನಿಗೆ ಎಲ್ಲ ಅರ್ಥವಾಯಿತು. ಜೇಬಿನಿಂದ ಮಡಚಿದ ಮಿರಿಮಿರಿ ಕಾಗದವೊಂದನ್ನು ತೆಗೆದ.

"ಇದನ್ನ ನಿನಗೆ ಇವತ್ತು ತೋರಿಸೋದು ಬೇಡ ಅಂದ್ಕೊಂಡಿದ್ದೆ ಕಣಮ್ಮ. ಓದು."

ಮಗಳು ಓದಿದಳು. ಮಾರಾಟಕ್ಕಿದೆ, ಅರವತ್ತು ವರ್ಷ ಹಳೆಯ ಇಟಲಿಯ ಸ್ಪೋರ್ಟ್ಸ್ ಕಾರು. ಜಗತ್ತಿನಲ್ಲಿ ಉಳಿದಿರುವ ಒಂಬತ್ತರಲ್ಲಿ ಒಂದು. ಕಾರ್ಖಾನೆ ಬಿಟ್ಟ ದಿನದಿಂದ ಇದರ ತಗಡನ್ನು ಯಾರೂ ಮುಟ್ಟಿಲ್ಲ. ಎಡ ಮುಂಚಕ್ರದ ಮೇಲಿನ ಉಬ್ಬು ಬಲಗಡೆಯದಕ್ಕಿಂತ ಅರ್ಧ ಬೆರಳು ತಗ್ಗಿದೆ. ಇಟಲಿಯ ಕುಶಲಕರ್ಮಿಯ ಕೈಕೆಲಸವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

"ಯಾರೂ ಮುಟ್ಟಿಲ್ವಂತೆ," ಎಂದಳು. "ಹಾಗಾದ್ರೆ ನಮ್ಮಪ್ಪ ಯಾರು?"

"ಅವನೇ ಆ 'ಯಾರೂ'," ಎಂದ ಬಣ್ಣದವನು. "ಅವನ ಪಕ್ಕದಲ್ಲಿ ನಾನೊಬ್ಬ."

*

ಹನ್ನೆರಡು ವರ್ಷದ ಹಿಂದೆ ಆ ಕಾರು ಲಾರಿಯ ಬೆನ್ನೇರಿ ಬಂದಿತ್ತು. ಸಾಹುಕಾರ ಅದನ್ನು ಕೊಂಡ ತಿಂಗಳೊಳಗೇ ಕಲ್ಲುಗೋಡೆಗೆ ಗುದ್ದಿದ್ದ. ಎಡಗಡೆ ಪೂರ್ತಿ ಉಂಡೆ ಮಾಡಿ ಎಸೆದ ಕಾಗದದಂತಾಗಿತ್ತು. ದೊಡ್ಡ ದೊಡ್ಡ ವರ್ಕ್‌ಶಾಪಿನವರು ನೋಡಿ, ಆಗಲ್ಲ ಸ್ವಾಮಿ ಎಂದು ಕೈಮುಗಿದು ಕಳಿಸಿದ್ದರು. ಮೇಸ್ತ್ರಿ ಕೈಮುಗಿಯಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ, ಶೆಡ್ಡಿನ ಬಾಗಿಲು ಅಗಲಿಸಬೇಕಾಗುತ್ತದೆ ಎಂದಷ್ಟೇ ಹೇಳಿದ.

ನಾಲ್ಕು ವರ್ಷ ಹಿಡಿಯಿತು. ಸುತ್ತಿಗೆಯ ಸದ್ದಿಗೆ ಮೇಸ್ತ್ರಿಯ ಕಿವಿ ಎಂದೋ ಹೋಗಿತ್ತು. ಕೆಲಸವನ್ನೆಲ್ಲ ಅಂಗೈಯಲ್ಲಿ ನೋಡುತ್ತಿದ್ದ. ಕಣ್ಣು ಮುಚ್ಚಿ ತಗಡಿನ ಮೇಲೆ ಮೆಲ್ಲಗೆ ಅಂಗೈ ಎಳೆದರೆ ಕೂದಲೆಳೆಯಷ್ಟು ತಗ್ಗೂ ಸಿಕ್ಕಿಬೀಳುತ್ತಿತ್ತು. "ನನ್ನ ಕೈ ಹಿಡ್ಕೊಂಡ್ರೂ ಹಾಗೇ, ಎಲ್ಲಿ ನೆಗ್ಗಿದೀನಿ ಅಂತ ನೋಡ್ತಾರೆ," ಎಂದು ಹೆಂಡತಿ ಅಕ್ಕಪಕ್ಕದವರೆದುರು ನಗುತ್ತಿದ್ದಳು.

ಮುದುಡಿದ ತಗಡನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ ಅಳೆದಾಗ ಒಂದು ಸಂಗತಿ ಗೊತ್ತಾಯಿತು. ಗೋಡೆಗೆ ಗುದ್ದುವ ಮೊದಲೇ, ಹುಟ್ಟಿದಾಗಿನಿಂದಲೇ, ಆ ಕಾರಿನ ಎಡಗಡೆ ಅರ್ಧ ಬೆರಳು ತಗ್ಗು. ಮೂರು ಸಲ ಅಳೆದ. ಮೂರು ಸಲವೂ ಅಷ್ಟೇ.

"ಎರಡೂ ಕಡೆ ಸಮ ಮಾಡಿ ಮುಗಿಸ್ರಿ," ಎಂದು ಸಾಹುಕಾರ ಕೈಬಾಯಿ ಎರಡರಲ್ಲೂ ಕೂಗಿ ಹೇಳಿದ.

"ಆಗಲ್ಲ."

"ಯಾಕೆ ಆಗಲ್ಲ?"

"ಅದು ಇಟಲಿಯವನು ಮಾಡಿದ ತಪ್ಪು. ಊಟದ ಹೊತ್ತು ಮೀರಿತ್ತೋ, ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದಿದ್ನೋ. ನಾನು ತಿದ್ದಿಬಿಟ್ರೆ ಆ ಮನುಷ್ಯ ಇದ್ದ ಅನ್ನೋದಕ್ಕೆ ಏನ್ ಉಳಿಯುತ್ತೆ?"

"ಕಂಡರಿಯದ ಇಟಲಿಯವನ ತಪ್ಪಿಗೆ ಎಷ್ಟು ಮರ್ಯಾದೆ ನೋಡಿ," ಎಂದು ಹೆಂಡತಿ ಗೊಣಗಿದಳು. "ನಾನು ಅಡುಗೆಗೆ ಉಪ್ಪು ಮರೆತ್ರೆ ಮೂರು ದಿನ ಹಾಡ್ತಾರೆ."

ಮೇಸ್ತ್ರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದವನಂತೆ ಇದ್ದ. ಆ ಅರ್ಧ ಬೆರಳಿನ ತಗ್ಗು ಸಮೇತ ಮರದಲ್ಲಿ ಅಚ್ಚು ಕೆತ್ತಿದ. ಹೊಸ ತಗಡನ್ನು ಅದರ ಮೇಲಿಟ್ಟು ತಟ್ಟಿ ತಟ್ಟಿ ಎಡಗಡೆಯನ್ನು ಮತ್ತೆ ಹುಟ್ಟಿಸಿದ. ನಾಳೆ ಯಾರಾದರೂ ತನಗೆ ಕೆಲಸ ಬರುವುದಿಲ್ಲ ಎಂದಾರೆಂದು ಅಚ್ಚಿನ ಮೈಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟ: ಈ ತಗ್ಗು ನನ್ನದಲ್ಲ, ಇಟಲಿಯವನದು. ತಿದ್ದಬಾರದು.

*

ಅಚ್ಚಿನ ಕಾವಲಿಗೆ ಬಣ್ಣದವನನ್ನು ಕೂರಿಸಿ ಮಗಳು ನಡುಮನೆಗೆ ಬಂದಳು. ಸಾಹುಕಾರ ಅವಳ ತಾಯಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದ.

"ನಿಮ್ಮ ಆಳುಗಳು ನಮ್ಮ ಶೆಡ್ಡಲ್ಲಿ ಏನ್ ಮಾಡ್ತಿದಾರೆ?"

"ಮೆತ್ತಗೆ ಮಾತಾಡಮ್ಮ. ನಿಮಗೂ ಜಾಗ ಖಾಲಿ ಆಗುತ್ತೆ ಅಂತ..." ಅವನು ದನಿ ಇಳಿಸಿದ. "ನೋಡು, ಕೊಳ್ಳೋರು ಹೊರಗೇ ಕಾರಿನ ಹತ್ರ ಇದಾರೆ. ಹೀಗೊಂದು ಸಾವಾಗಿದೆ ಅಂದೆ, ನಾನೂ ಬರ್ತೀನಿ ಅಂತ ಹೊರಟುಬಿಟ್ರು. ಆ ಮರ ಕಣ್ಣಿಗೆ ಬಿದ್ರೆ ನೂರು ಪ್ರಶ್ನೆ."

"ನಾಲ್ಕು ವರ್ಷ ಅಪ್ಪ ಮಾಡಿದ್ದನ್ನ ಯಾರೂ ಮಾಡೇ ಇಲ್ಲ ಅಂತ ಜಾಹೀರಾತು ಹಾಕಿಸಿದೀರಲ್ಲ, ನಾಚಿಕೆ ಆಗಲ್ವಾ?"

"ತಗಡು ತಟ್ಟಿದೋರ ಹೆಸರು ಎಲ್ಲಾದ್ರೂ ಬರೀತಾರಾ?"

ತಾಯಿ ಮಗಳ ಕೈ ಹಿಡಿದೆಳೆದಳು. "ಕೊಟ್ಟುಬಿಡೆ. ಒಂದು ಮರದ ತುಂಡು. ಅವರನ್ನ ಮಲಗಿಸ್ಕೊಂಡು ಜಗಳ ಬೇಡ."

ಮಗಳಿಗೆ ಅಳು ಉಕ್ಕಿ ಬಂತು. ಆಗ ಕಾರು ಕೊಳ್ಳಲು ಬಂದ ಹೆಂಗಸು ಬಾಗಿಲಲ್ಲಿ ಕಂಡಳು. ವಯಸ್ಸಾದವಳು, ಕಪ್ಪು ಕೋಟು ತೊಟ್ಟಿದ್ದಳು. ಹೆಣದ ಎದುರು ಒಂದು ಗಳಿಗೆ ನಿಂತು, ತಾಯಿಯ ಬಳಿ ಬಂದು ಬಾಗಿ, ನಿಜವಾದ ಮರುಕದಿಂದಲೇ ಹೇಳಿದಳು.

"ಬಹಳ ಬೇಜಾರಾಯ್ತಮ್ಮ. ಈ ಕಾರು ನಿಮ್ಮ ಶೆಡ್ಡಲ್ಲಿ ಇದ್ದಾಗ ನಿಮ್ಮ ಮನೆಯವರು ಕಾವಲಿಗಿದ್ರಂತೆ."

"ಏನಂದ್ರಿ?"

"ಕಾವಲಿಗೆ. ಇವರೇ ಹೇಳಿದ್ರು."

ತಾಯಿ ಸಾಹುಕಾರನ ಕಡೆ ತಿರುಗಿದಳು. ಅವನು ಗೋಡೆ ನೋಡತೊಡಗಿದ. ಮುಂಜಾನೆಯಿಂದ ಯಾರು ಎಬ್ಬಿಸಿದರೂ ಏಳದಿದ್ದವಳು ಮೊಣಕಾಲಿಗೆ ಕೈಯೂರಿ ತಾನೇ ಎದ್ದಳು.

"ಕಾವಲಿಗೆ ನಾಯಿ ಸಾಕ್ಬೇಕಿತ್ತು ನೀನು!" ಎಂದಳು ಅವನಿಗೆ. ಆಮೇಲೆ ಮಗಳಿಗೆ, "ತರಿಸೇ ಅದನ್ನ. ಬೀದಿಗೆ ತರಿಸು."

ಆಳುಗಳು ಅನುಮಾನಿಸಿದಾಗ ಮಗಳು, "ಹೊರಗೆ ಸಾಗಿಸಿ ಅಂತ ತಾನೇ ನಿಮ್ಮ ಸಾಹುಕಾರ್ರು ಹೇಳಿದ್ದು? ಸಾಗಿಸಿ," ಎಂದಳು. ಸಾಹುಕಾರನ ಆಳುಗಳೇ ಸಾಹುಕಾರನ ಹಗ್ಗದಲ್ಲೇ ಅಚ್ಚನ್ನು ಹೊತ್ತು ತಂದು ಕೆಂಪು ಕಾರಿನ ಎಡಗಡೆ ಇಳಿಸಿದರು. ಬಣ್ಣದವನು ಮರದ ಮೇಲಿನ ಧೂಳು ಒರೆಸಿದ. ಕೊಳ್ಳುವವಳು ಕನ್ನಡಕ ಹಾಕಿಕೊಂಡು ಪೆನ್ಸಿಲಿನ ಬರಹ ಓದಿದಳು. ಮರದ ಉಬ್ಬು ನೋಡಿದಳು, ಕಾರಿನ ಉಬ್ಬು ನೋಡಿದಳು.

"ಸಾವಾದ ಮನೆ, ಏನೇನೋ ಮಾತಾಡ್ತಾರೆ, ನೀವು ತಲೆಗೆ ಹಚ್ಕೋಬೇಡಿ," ಎಂದ ಸಾಹುಕಾರ.

"ಅಂದ್ರೆ ಈ ಭಾಗ ಇಟಲಿಯಲ್ಲಿ ಆಗಿದ್ದಲ್ಲ."

"ಆ ಶೆಡ್ಡಲ್ಲಿ ಆಗಿದ್ದು," ಎಂದಳು ಮಗಳು. "ನಮ್ಮಪ್ಪ ಮಾಡಿದ್ದು."

ಕೊಳ್ಳುವವಳು ಕನ್ನಡಕ ತೆಗೆದು ಕೇಳಿದಳು, "ಈ ಅಚ್ಚು ಕಾರಿನ ಜೊತೆಗೇ ಬರುತ್ತಾ?"

"ಬರಲ್ಲ," ಎಂದಳು ಮಗಳು.

ಮೇಸ್ತ್ರಿಯ ಶವದ ಪೆಟ್ಟಿಗೆಯನ್ನು ಹೊರತಂದರು. ಹಿಂದೆ ಬೀದಿಯ ವರ್ಕ್‌ಶಾಪುಗಳವರೆಲ್ಲ ಒಗೆದ ಅಂಗಿ ತೊಟ್ಟು ಬರುತ್ತಿದ್ದರು. ಬೀದಿ ಕಿರಿದು, ಕಾರು ಅರ್ಧ ದಾರಿ ನುಂಗಿತ್ತು. ಜನ ಒತ್ತಿ ಬರುವುದನ್ನು ಕಂಡು ಸಾಹುಕಾರ ಓಡಿ ಬಂದ. ಎರಡು ಕೈ ಅಗಲಿಸಿ ಅಡ್ಡ ನಿಂತ.

"ಹುಷಾರು, ಹುಷಾರು! ಗಾಡಿ ಯಾರೂ ಮುಟ್ಬೇಡಿ!"

ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದ ತಾಯಿ ನಿಂತಳು. ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಎಡ ಚಕ್ರದ ಮೇಲಿನ ಉಬ್ಬಿಗೆ ತನ್ನ ಅಂಗೈಯನ್ನು ಒತ್ತಿ ಇಟ್ಟಳು. ಬೆವೆತ ಕೈ, ತೆಗೆದಾಗ ಐದು ಬೆರಳೂ ಕೆಂಪಿನ ಮೇಲೆ ಮೂಡಿದ್ದವು. ಅದರ ಪಕ್ಕ ಮಗಳು ತನ್ನ ಕೈ ಇಟ್ಟಳು. ಬಣ್ಣದವನು ಇಟ್ಟ. ಯಾರೂ ಏನೂ ಹೇಳಿರಲಿಲ್ಲ, ಆದರೂ ಹಿಂದಿದ್ದವರು ಸಾಲಾಗಿ ನಿಂತರು. ವೆಲ್ಡಿಂಗಿನವನು ಸುಟ್ಟ ಕಲೆಗಳ ಕೈಯನ್ನಿಟ್ಟ, ಲೇತ್ ಕೆಲಸದವನು ಮೂರೇ ಬೆರಳಿನ ಕೈಯನ್ನಿಟ್ಟ. ಪೆಟ್ಟಿಗೆ ಬೀದಿಯ ತಿರುವು ದಾಟಿತು. ಸಾಹುಕಾರ ಕರವಸ್ತ್ರ ತೆಗೆದು ಒರೆಸಲು ಬಾಗಿದ. ಅವನು ಒರೆಸಬೇಕೆಂದಿದ್ದ ಜಾಗದಲ್ಲಿ ಇನ್ನೊಂದು ಕೈ ಬಂದು ಕೂತಿತು, ಅದರ ಹಿಂದೆ ಮತ್ತೊಂದು ಕಾಯುತ್ತಿತ್ತು.