ಗಲೀನಾ ಕೊಟ್ಟ ಗಡ್ಡೆ

ಗುರುಸಿದ್ದಪ್ಪ ನಿವೃತ್ತನಾಗಿ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟುಕೊಡಲು ಇನ್ನೈದು ವಾರ ಇರುವಾಗ ಆ ಗಿಡ ಮೊಗ್ಗು ಹಿಡಿಯಿತು.

ಏಳು ವರ್ಷದ ಹಿಂದೆ, ನಾಗಪುರದ ವಾಡಿಯ ಹತ್ತಿರದ ಆ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ರಷ್ಯನ್ ಎಂಜಿನಿಯರನ ಹೆಂಡತಿ ಗಲೀನಾ, ಊರಿಗೆ ಹೊರಡುವ ಮುನ್ನ ಪಕ್ಕದ ಮನೆಯ ಲೀಲಾಳ ಕೈಗೆ ನಾಲ್ಕು ಗಡ್ಡೆ ಕೊಟ್ಟಿದ್ದಳು. ಸೈಬೀರಿಯನ್ ಐರಿಸ್. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಗಲೀನಾ ಆಕಾಶ ತೋರಿಸಿ ಹೂವಿನ ಬಣ್ಣ ಹೇಳಿದಳು, ಬಿಸಿಲು ತೋರಿಸಿ ಜಾಗ ಹೇಳಿದಳು, ಆಮೇಲೆ ತೋಳು ತಬ್ಬಿಕೊಂಡು ಗಡಗಡ ನಡುಗಿ ತೋರಿಸಿದಳು. ಚಳಿ ಬೇಕಂತೆ. ನಾಗಪುರದಲ್ಲಿ! ಗುರುಸಿದ್ದಪ್ಪ ನಕ್ಕುಬಿಟ್ಟಿದ್ದ. ಅವನ ಹೆಂಡತಿ ಲೀಲಾ ನಗಲಿಲ್ಲ. ಬೇಲಿಗುಂಟ ಬೆಳಗಿನ ಬಿಸಿಲು ಬೀಳುವ ಪಾತಿಯಲ್ಲಿ ಗಡ್ಡೆ ಊರಿದಳು. ಕಪ್ಪು ಮಣ್ಣಿಗೆ ಸೋಸಿದ ಚಹಾಪುಡಿ ಬೆರೆಸಿದಳು. ಬೇಸಿಗೆಯಲ್ಲಿ ಕೂಲರಿನಿಂದ ತೊಟ್ಟಿಕ್ಕುವ ನೀರನ್ನು ಅಲ್ಲಿಗೇ ಹರಿಸಿದಳು. ಕತ್ತಿಯಂಥ ಎಲೆ ಬಂದವೇ ಹೊರತು ಹೂ ಬರಲಿಲ್ಲ. ನಾಲ್ಕನೆಯ ವರ್ಷ ಲೀಲಾಳೇ ಹೋದಳು.

ಆಮೇಲೆ ನೀರು ಹಾಕುವ ಕೆಲಸ ಗುರುಸಿದ್ದಪ್ಪನದಾಯಿತು. ಹೂ ನೋಡದೆ ಈ ಮನೆ ಬಿಡಬಾರದೆಂಬ ಆಸೆಯನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ.

ಮೊಗ್ಗು ಬಂದ ಆ ಫೆಬ್ರವರಿಯಲ್ಲಿ, ಅದೇ ಊರಿನ ಬಜಾಜ್ ನಗರಕ್ಕೆ ಕೊಟ್ಟಿದ್ದ ಮಗಳು ರಾಗಿಣಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ತಾಯಿ ಇಲ್ಲದ ಹುಡುಗಿಯೆಂದು ಲೀಲಾಳ ತಾಯಿ ಕಾಶಿಬಾಯಿ ಗದಗಿನಿಂದ ಬಂದಿಳಿದಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಬಂದ ಗುರುಸಿದ್ದಪ್ಪ ಸೈಕಲ್ ನಿಲ್ಲಿಸುವಾಗಲೇ ನೋಡಿದ: ಪಾತಿ ಪೂರ್ತಿ ಅಗೆದುಹೋಗಿತ್ತು. ಅಂಗಳದ ಮೊರದಲ್ಲಿ ಹೆಚ್ಚಿದ ಗಡ್ಡೆಯ ಹೋಳುಗಳು ಒಣಗುತ್ತಿದ್ದವು.

"ಬರ್ರಿ ಅಳಿಯಾರ," ಎಂದಳು ಕಾಶಿಬಾಯಿ. "ಕೂಸಿಗೆ ತೇದು ನೆಕ್ಕಸಾಕ ಬಜಿಬೇರು ಬೇಕಂತ ಧರಮಪೇಠದ ಬಜಾರ ತನಕಾ ಹುಡುಕಿಸೀನಿ. ನೀವು ನೋಡಿದ್ರ ಬೇಲಿಗುಂಟ ಬೆಳಿಸಿಕೊಂಡು ಸುಮ್ಮನ ಕುಂತೀರಿ!"

"ಅತ್ತೀ, ಅದು ಬಜಿ ಅಲ್ರಿ. ಕೂಸಿಗೆ ಕೊಟ್ಟೀರೇನು?"

"ಇನ್ನೂ ಒಣಗಬೇಕಲ್ಲ. ಬಜಿ ಅಲ್ದ ಮತ್ತೇನು? ಎಲಿ ಬರೋಬರ್ ಅದ ಐತಿ."

"ಮೂಸಿ ನೋಡ್ರಿ. ಬಜಿ ವಾಸನಿ ಐತೇನು?"

"ಈ ನಾಗಪುರದಾಗ ಯಾವುದಕ್ಕ ವಾಸನಿ ಐತಿ? ಕೊತ್ತಂಬರೀಗೂ ಇಲ್ಲ."

"ಬಸ್ ಕರ, ಸಾಕು ಮಾಡ ಅಜ್ಜೀ!" ಒಳಗಿನಿಂದ ರಾಗಿಣಿ ಕೂಗಿದಳು. "ಅದು ಅವ್ವನ ಗಿಡ."

ಕಾಶಿಬಾಯಿಯ ಕೈ ಮೊರದ ಮೇಲೆ ನಿಂತಿತು.

"ಲೀಲಾ ಹಚ್ಚಿದ್ದೇನ್ರೀ?"

"ಹೂಂ. ಹೂವಿಗಂತ. ಇದ ಮೊದಲ ಸಲ ಮೊಗ್ಗಿ ಬಂದಿತ್ತು."

ಅವನು ಒಳಗೆ ಹೋಗಿ ತಟ್ಟೆಯ ಮುಂದೆ ಕೂತ. ಜೋಳದ ಭಕ್ರಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಹೊರಗೆ ಬಂದಾಗ ಕಾಶಿಬಾಯಿ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಚ್ಚದೆ ಉಳಿದಿದ್ದ ಗಡ್ಡೆಗಳನ್ನು ಒಂದೊಂದು ಮೊಳಕೆ ಇರುವಂತೆ ಬಿಡಿಸಿ ಮತ್ತೆ ನೆಡುತ್ತಿದ್ದಳು.

"ಅರಿಶಿಣ ನಟ್ಟ ಕೈ ಇದು, ಸಾಯಂಗಿಲ್ಲ. ನಾಕು ರಾಗಿಣಿ ಒಯ್ಯಲಿ." ತಲೆಯೆತ್ತದೆ ಹೇಳಿದಳು. "ಬೈರಿ ನನ್ನ. ಹಿಂಗ ಸುಮ್ಮನ ನಿಂದರಬ್ಯಾಡ್ರಿ."

ಅವನು ಪಾತಿಯ ಅಂಚಿಗೆ ಬಂದು ಕೂತ. ಕಿತ್ತು ಹಾಕಿದ್ದ ಎಲೆಗಳ ರಾಶಿಯನ್ನು ಕೆದಕಿದ. ಮೊಗ್ಗಿನ ದಂಟು ಸಿಕ್ಕಿತು. ತುದಿಯಲ್ಲಿ ಶಾಯಿಯಷ್ಟು ನೀಲಿ ಇಣುಕುತ್ತಿತ್ತು. ತಂಬಿಗೆಗೆ ನೀರು ತುಂಬಿ, ಅದನ್ನಿಟ್ಟು, ಕಿಟಕಿಯ ಬಳಿ ಇರಿಸಿದ. ಅರಳೀತೆಂಬ ನಂಬಿಕೆ ಅವನಿಗಿರಲಿಲ್ಲ.

ಮೂರನೆಯ ದಿನ ಊಟಕ್ಕೆ ಬಂದಾಗ ಮನೆ ವಿಚಿತ್ರವಾಗಿ ಸದ್ದಿಲ್ಲದೆ ಇತ್ತು. ಕೂಸು, ರಾಗಿಣಿ ಇಬ್ಬರೂ ಮಲಗಿದ್ದರು. ಕಾಶಿಬಾಯಿ ಕಿಟಕಿಯೆದುರು ನೆಲದ ಮೇಲೆ ಕೂತಿದ್ದಳು. ಹೂ ಅರಳಿತ್ತು. ಮೂರು ನೀಲಿ ಎಸಳು ಕೆಳಗೆ ಬಾಗಿದ್ದವು, ಬುಡದಲ್ಲಿ ಸಣ್ಣ ಬಿಳಿ ಗೆರೆಗಳು.

"ಇಷ್ಟ ಸಣ್ಣ ಹೂವಿಗೆ ನಮ್ಮ ಲೀಲಾ ನಾಕ ವರ್ಷ ಕಾದ್ಲೇನ್ರೀ?"

"ಕಾಯೋದು ಆಕೀಗೆ ಸೇರತಿತ್ತು, ಅತ್ತಿ."

ಕಾಶಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಅವನು ಕೂತ. ಊಟದ ಬಿಡುವು ಮುಗಿಯಿತೆಂದು ಕಾರ್ಖಾನೆಯ ಎರಡನೆಯ ಸೈರನ್ ಕೂಗಿತು. ಅವನು ಏಳಲಿಲ್ಲ.